‘ಆದ್ದರಿಂದ’ ಎಂಬ ಪದ ಎಲ್ಲಿಂದ ಬಂತು?

ಪ್ರಿಯ ಬರಹಗಾರರೇ,

ನಿಮ್ಮ ‘ರಕ್ತದಲ್ಲಿ ತಾಮ್ರ: ಬಾಯಿ ಕ್ಯಾನ್ಸರಿನ ಸುಳಿವು’ ಲೇಖನ ತಲುಪಿದೆ. ವಿಷಯ ಒಳ್ಳೆಯದು, ಓದಿಕೊಂಡು ಬರೆದಿದ್ದೀರಿ, ಭಾಷೆಯೂ ಶುದ್ಧವಾಗಿದೆ. ಆದರೆ ಎರಡನೆಯ ಪುಟದ ಒಂದು ಪ್ಯಾರಾ ಓದಿ ನನಗೆ ಸಿಟ್ಟು ಬಂತು. ಉಳಿದುದನ್ನು ಬದಿಗಿಟ್ಟು ಅದರ ಬಗ್ಗೆಯೇ ಬರೆಯುತ್ತೇನೆ.

ಮೊದಲ ಸಾಲು: ‘ಬಾಯಿ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ತಾಮ್ರ ಏರಿ, ಸತು ಮತ್ತು ಕಬ್ಬಿಣ ಇಳಿದಿರುವುದು ಕಂಡುಬಂದಿದೆ.’ ಇದರ ಬಗ್ಗೆ ತಕರಾರಿಲ್ಲ. ನಮ್ಮ ದೇಶದ ಹಲವು ಅಧ್ಯಯನಗಳು ಹೀಗೆಯೇ ಹೇಳಿವೆ.

ಎರಡನೆಯದು: ‘ಆದ್ದರಿಂದ ದೇಹದಲ್ಲಿ ತಾಮ್ರ ಹೆಚ್ಚಾದರೆ ಬಾಯಿ ಕ್ಯಾನ್ಸರ್ ಬರುತ್ತದೆ.’ ಈ ‘ಆದ್ದರಿಂದ’ ಎಲ್ಲಿಂದ ಬಂತು? ಶೀರ್ಷಿಕೆಯಲ್ಲಿ ಸುಳಿವು ಎಂದವರು ಇಲ್ಲಿ ಅದನ್ನೇ ಕಾರಣ ಮಾಡಿಬಿಟ್ಟಿದ್ದೀರಿ. ರಕ್ತದಲ್ಲಿರುವ ತಾಮ್ರದ ಬಹುಪಾಲನ್ನು ಹೊತ್ತು ತಿರುಗುವುದು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು. ದೇಹದಲ್ಲಿ ಎಲ್ಲೇ ಉರಿಯೂತವಿದ್ದರೂ ಯಕೃತ್ತು ಅದನ್ನು ಹೆಚ್ಚು ತಯಾರಿಸುತ್ತದೆ. ಬಸುರಿಯರ ರಕ್ತದಲ್ಲೂ ತಾಮ್ರ ಏರುತ್ತದೆ. ಇನ್ನು ಕಬ್ಬಿಣ. ಬಾಯಿಯೆಲ್ಲ ಉರಿಯುವ ಮನುಷ್ಯ ರೊಟ್ಟಿ, ಪಲ್ಯ ಬಿಟ್ಟು ಗಂಜಿಗೆ ಇಳಿದಿರುತ್ತಾನೆ. ರೋಗ ಬಂದ ಮೇಲೆ ಕಬ್ಬಿಣ ಕುಗ್ಗಿರಬಹುದಲ್ಲವೇ?

ಮೂರನೆಯದು: ‘ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ಕುಡಿಯಬಾರದು.’ ಇದನ್ನು ಓದಿ ಲೇಖನವನ್ನು ಮತ್ತೆ ಮೊದಲಿನಿಂದ ನೋಡಿದೆ. ‘ಅಡಿಕೆ’ ಎಂಬ ಪದ ಇಡೀ ಲೇಖನದಲ್ಲಿ ಒಂದೇ ಒಂದು ಸಲ ಬಂದಿದೆ, ಅದೂ ‘ಇತರ ಚಟಗಳು’ ಎಂಬುದರ ಪಕ್ಕದ ಕಂಸದಲ್ಲಿ. ನೀವು ಮಲೆನಾಡಿನವರು ಎಂದು ಪರಿಚಯದಲ್ಲಿ ಬರೆದುಕೊಂಡಿದ್ದೀರಿ. ತೋಟದ ಬೆಳೆಯ ಬಗ್ಗೆ ಬರೆಯಲು ಕೈ ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ನಾನೂ ಅಡಿಕೆಯ ದುಡ್ಡಿನಲ್ಲೇ ಓದಿದವನು. ಆದರೂ ತಾಮ್ರದ ಕಥೆ ಶುರುವಾಗುವುದು ಅಲ್ಲಿಂದಲೇ. ನಾವು ತಿನ್ನುವ ಬೇರೆ ಬೀಜಗಳಿಗಿಂತ ಅಡಿಕೆಯಲ್ಲಿ ತಾಮ್ರ ಹೆಚ್ಚು. ಗಂಟೆಗಟ್ಟಲೆ ಜಗಿದಾಗ ಅದು ಜೊಲ್ಲಿನಲ್ಲಿ ಕರಗುತ್ತದೆ. ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರ ಬೇಕು. ಎಳೆಗಳು ಬಿಗಿದಂತೆ ಕೆನ್ನೆಯ ಒಳಭಾಗ ಮೆತುವು ಕಳೆದುಕೊಂಡು ಹಗ್ಗದಂತೆ ಗಟ್ಟಿಯಾಗುತ್ತದೆ, ಬಾಯಿ ತೆರೆಯಲಾಗದು. ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವುದು ಇದನ್ನೇ; ಇವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ತಾಮ್ರ ಒಂದೇ ಅಲ್ಲ, ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವೂ ಈ ಕೆಲಸದಲ್ಲಿ ಜೊತೆಗೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿಸದ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಎಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಸಾಲಿನಲ್ಲಿ, ಪ್ರಕಟಿಸಿತು. ಇದನ್ನು ಹೇಳದೆ ಚೊಂಬು ಬಿಡಿ ಎಂದರೆ, ಓದುಗ ಚೊಂಬನ್ನು ಅಟ್ಟಕ್ಕೆ ಹಾಕಿ ಗುಟ್ಕಾ ಚೀಟಿ ಹರಿಯುತ್ತಾನೆ.

ನಾಲ್ಕನೆಯದು: ‘ದಿನವೂ ಸತುವಿನ ಮಾತ್ರೆ ಸೇವಿಸಿದರೆ ಸಮತೋಲನ ಮರಳುತ್ತದೆ.’ ಸತು ಅತಿಯಾದರೆ ಕರುಳು ತಾಮ್ರವನ್ನು ಹೀರುವುದೇ ತಗ್ಗಿ ರಕ್ತಹೀನತೆ ಬರುತ್ತದೆ. ಆದರೆ ನನ್ನನ್ನು ಕಾಡಿದ್ದು ಅದಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಆರೋಗ್ಯ ಶಿಬಿರವೊಂದರ ವರದಿಯಲ್ಲಿ ‘ಬಾಯಿ ಬಿಗಿದವರಲ್ಲಿ ಕಬ್ಬಿಣದ ಕೊರತೆಯಿದೆ, ಆದ್ದರಿಂದ ಕಬ್ಬಿಣದ ಟಾನಿಕ್ ಒಳ್ಳೆಯದು’ ಎಂದು ಬರೆದೆ. ಐದಾರು ತಿಂಗಳ ಬಳಿಕ ಒಬ್ಬರು ಆ ತುಣುಕನ್ನು ಮಡಚಿಟ್ಟುಕೊಂಡು ಕಚೇರಿಗೆ ಬಂದರು. ಅವರು ಬೈಯಲು ಬಂದವರಲ್ಲ, ಇನ್ನೆಷ್ಟು ಬಾಟಲಿ ಕುಡಿಯಬೇಕೆಂದು ಕೇಳಲು ಬಂದಿದ್ದರು. ಬಾಯಿಗೆ ಒಂದು ಬೆರಳು ಮಾತ್ರ ಹಿಡಿಸುತ್ತಿತ್ತು. ಸೊಂಟದಲ್ಲಿ ಕವಳದ (ಎಲೆ ಅಡಿಕೆಯ) ಸಂಚಿ ಹಾಗೆಯೇ ಇತ್ತು. ಅದನ್ನು ಬಿಡಿ ಎಂದು ನಾನು ಬರೆದೇ ಇರಲಿಲ್ಲ. ನಮ್ಮ ಹಿರಿಯ ಉಪಸಂಪಾದಕರು ನನ್ನನ್ನೇ ಅವರ ಜೊತೆ ಬಸ್ಸಿನಲ್ಲಿ ಆಸ್ಪತ್ರೆಗೆ ಕಳುಹಿಸಿದರು. ಆಮೇಲೆ ತಿಂಗಳಿಡೀ ನನ್ನ ಪ್ರತಿಯಲ್ಲಿ ‘ಆದ್ದರಿಂದ’ ಬಂದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ‘ಹೇಗೆ?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ನಿಮ್ಮ ಪ್ರತಿಯಲ್ಲಿ ಅಂಥ ಏಳು ಸುತ್ತು ಹಾಕಿ ಲಗತ್ತಿಸಿದ್ದೇನೆ.

ಕೊನೆಯ ಸಾಲು, ‘ಇನ್ನು ಒಂದು ಹನಿ ರಕ್ತ ಸಾಕು’ ಎಂಬುದನ್ನು ತೆಗೆಯಿರಿ. ಪರೀಕ್ಷೆಗೆ ತೆಗೆದ ರಕ್ತದಲ್ಲಿ ಕೆಂಪು ರಕ್ತಕಣಗಳು ಒಡೆದರೆ ಸತುವಿನ ಲೆಕ್ಕ ಏರುತ್ತದೆ. ರಕ್ತ ತುಂಬುವ ಕೊಳವೆಯ ರಬ್ಬರ್ ಮುಚ್ಚಳದಿಂದಲೂ ಸತು ಸೇರಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಇಂದಿಗೂ ಬಾಯಿಯ ಅಂಗಾಂಶದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಆ ಜಾಗದಲ್ಲಿ ಓದುಗರು ಕನ್ನಡಿಯ ಮುಂದೆ ತಾವೇ ಕಾಣಬಹುದಾದ ಸುಳಿವುಗಳನ್ನು ಬರೆಯಿರಿ: ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದ ಬಾಯಿ.

ನಿಮ್ಮ ಅತ್ತೆ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ, ಕುಡಿಯುವಂತೆ ಮಾಡಿಕೊಂಡು ಉಣ್ಣುತ್ತಿದ್ದರು ಎಂಬ ವಾಕ್ಯ ನಾಲ್ಕನೆಯ ಪುಟದಲ್ಲಿ ಹೂತುಹೋಗಿದೆ. ಅದನ್ನು ಮೊದಲಿಗೆ ತನ್ನಿ. ಅವರು ಎಷ್ಟು ವರ್ಷ ಕವಳ ಹಾಕಿದ್ದರು ಎಂಬುದನ್ನೂ ಬರೆಯಿರಿ. ತಿಂಗಳ 15ರೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ಇತಿ,
ಸಂಪಾದಕ