ಅಜ್ಜಿಗೆ ಏನು ಇಷ್ಟ ಇತ್ತು?

ಮೊದಲ ದಿನ ಆಕೆ ಬಂದಾಗ ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ ಇತ್ತು. ವಯಸ್ಸು 34. ಸಾಕಿ ಬೆಳೆಸಿದ ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಜ್ಜಿಯನ್ನು ನೆನೆಯಲು ಮನೆಯವರೆಲ್ಲ ಒಂದು ದಿನ ಸೇರುವವರಿದ್ದರು. ಅವತ್ತು ನಾಲ್ಕು ಮಾತು ನೀನೇ ಆಡಬೇಕು ಅಂತ ಎಲ್ಲರೂ ಹೇಳಿದ್ದರು. ಬರೆಯಲು ಕೂತರೆ ಆಗುತ್ತಿಲ್ಲ, ರಾತ್ರಿ ನಿದ್ದೆಯೂ ಇಲ್ಲ ಅಂತ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದಳು. (ನನಗಿಂತ ತುಂಬಾ ಚಿಕ್ಕವಳು, ಹಾಗಾಗಿ ಏಕವಚನದಲ್ಲೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಓದು ನೋಡೋಣ ಅಂದೆ. "ನಮ್ಮ ಅಜ್ಜಿ ತ್ಯಾಗಮಯಿ. ಕರುಣಾಮಯಿ. ತನಗೆ ಅಂತ ಏನನ್ನೂ ಬಯಸಿದವರಲ್ಲ..." ಮೂರು ಸಾಲು ಓದಿ ನಿಲ್ಲಿಸಿದಳು. "ಇದು ಯಾರ ಅಜ್ಜಿಗೆ ಬೇಕಾದರೂ ಹೊಂದುತ್ತೆ, ಅಲ್ವಾ ಮೇಡಂ?"

ಹೊಂದುತ್ತೆ. ಅದನ್ನು ಅವಳೇ ಕಂಡುಕೊಂಡಿದ್ದು ನನಗೆ ಒಳ್ಳೆಯದೇ ಅನಿಸಿತು.

ನಾಲ್ಕನೇ ವಯಸ್ಸಿಗೆ ಅಜ್ಜಿಯ ಮಡಿಲಿಗೆ ಬಂದವಳು ಅವಳು. ಅವಳಿಗೆ ಹತ್ತು ವರ್ಷ ಇದ್ದಾಗ ಅಜ್ಜನಿಗೆ ಲಕ್ವ ಹೊಡೆಯಿತು. ಆರು ವರ್ಷ ಅಜ್ಜ ಹಾಸಿಗೆ ಬಿಟ್ಟು ಏಳಲಿಲ್ಲ. ಅವರನ್ನೂ ಇವಳನ್ನೂ ನೋಡಿಕೊಂಡವರು ಅಜ್ಜಿ ಒಬ್ಬರೇ. ಕೊನೆಗೆ ಅಜ್ಜಿಯೇ ಮಲಗಿದಾಗ ಹನ್ನೊಂದು ತಿಂಗಳು ಇವಳು ನೋಡಿಕೊಂಡಳು. ಹಗಲು ಕೆಲಸ, ರಾತ್ರಿ ಅಜ್ಜಿ.

ಅಜ್ಜಿ ಹೋದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು. ವಯಸ್ಸಾಗಿತ್ತಲ್ಲ, ಒಳ್ಳೇ ಸಾವು ಬಿಡು. ಕೆಲಸದ ಕಡೆ ರಜೆ ಕೇಳಿದರೆ "ಅಜ್ಜಿ ತಾನೇ" ಅಂದರಂತೆ. ಈ "ತಾನೇ" ಎಷ್ಟು ಜನರನ್ನು ಒಳಗೊಳಗೇ ಕೊರೆಯುತ್ತದೆ ಅಂತ ನಾನು ದಿನಾ ನೋಡುತ್ತೇನೆ. ಸುತ್ತಲಿನವರು ಲೆಕ್ಕಕ್ಕೇ ಇಟ್ಟುಕೊಳ್ಳದ ಇಂಥ ದುಃಖಕ್ಕೆ ಕೆನೆತ್ ಡೋಕಾ ಎನ್ನುವ ತಜ್ಞರು 1989ರಲ್ಲೇ ಒಂದು ಹೆಸರು ಕೊಟ್ಟಿದ್ದಾರೆ. ಆ ಹೆಸರು ಮುಖ್ಯ ಅಲ್ಲ. ನಿನ್ನ ದುಃಖ ಜಾಸ್ತಿ ಆಗಿಲ್ಲ, ಅದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಅಂತ ಹೇಳಿದೆ. ಅವಳ ಪಾಲಿಗೆ ಹೋಗಿದ್ದು ತಾಯಿ.

ಅವಳಿಗೆ ಇನ್ನೊಂದು ಹೆದರಿಕೆ ಇತ್ತು. ದುಃಖಕ್ಕೆ ಐದು ಹಂತ ಅಂತೆ, ನಾನು ಎರಡನೆಯದರಲ್ಲೇ ನಿಂತಿದ್ದೀನಾ ಅಂತ. ಈ ಐದು ಹಂತದ ಮಾತು ಬಂದಿದ್ದು ಎಲಿಸಬೆತ್ ಕ್ಯೂಬ್ಲರ್-ರಾಸ್ ಅವರಿಂದ, 1969ರಲ್ಲಿ. ತಾವೇ ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ ಅವರು ಕಂಡುಕೊಂಡಿದ್ದು ಅದು. ಆಮೇಲೆ ಅದನ್ನು ಹೋದವರ ಹಿಂದೆ ಉಳಿದವರ ದುಃಖಕ್ಕೂ ಹೊಂದಿಸಿದರು. ಒಂದಾದ ಮೇಲೆ ಒಂದು ದಾಟಲು ಅದೇನು ಶಾಲೆಯ ತರಗತಿ ಅಲ್ಲ ಅಂದೆ.

ಹಾಗಂತ ನಾನೂ ಸುಮ್ನೆ ಬಿಡಲಿಲ್ಲ. ಊಟ, ಕೆಲಸ, ಜನರ ಜೊತೆ ಓಡಾಟ, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರ ಪ್ರಕಾರ, ಆರು ತಿಂಗಳು ದಾಟಿದ ಮೇಲೂ ಹೋದವರ ಹಂಬಲ ಬಿಡದೆ ಕಾಡಿ ದಿನದ ಬದುಕು ಕೆಟ್ಟುಹೋದರೆ ಅದು ಚಿಕಿತ್ಸೆ ಬೇಕಾದ ದುಃಖ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ದೊಡ್ಡವರಿಗೆ ಹನ್ನೆರಡು ತಿಂಗಳು ಅಂತ ಇಟ್ಟಿದೆ. ಇವಳು ಕೆಲಸಕ್ಕೆ ಹೋಗುತ್ತಿದ್ದಳು, ಸ್ನೇಹಿತೆಯರ ಜೊತೆ ಮಾತಾಡುತ್ತಿದ್ದಳು, ಒಮ್ಮೊಮ್ಮೆ ನಗುತ್ತಲೂ ಇದ್ದಳು. ನಕ್ಕ ಮೇಲೆ ತಪ್ಪು ಮಾಡಿದ ಹಾಗೆ ಆಗುತ್ತಿತ್ತು, ಅಷ್ಟೆ. "ಬದುಕಿದ್ದು ಏನು ಮಾಡಲಿ ಅಂತ ಅನಿಸಿದರೆ ಮುಂದಿನ ಭೇಟಿಗೆ ಅಂತ ಕಾಯಬೇಡ. ಅವತ್ತೇ ನನಗೋ ವೈದ್ಯರಿಗೋ ಹೇಳು" ಅಂತ ಮಾತು ತೆಗೆದುಕೊಂಡೆ.

ಎರಡನೇ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಅಜ್ಜಿಗೆ ಏನು ಇಷ್ಟ ಇತ್ತು?"

ಅವಳು ಬಾಯಿ ತೆರೆದಳು. ಮುಚ್ಚಿದಳು. "ನಾವು ಚೆನ್ನಾಗಿರೋದು" ಅಂದಳು. ಅದು ನಿಮಗೆ ಸೇರಿದ್ದಾಯಿತು, ಅವರಿಗೆ ಏನು ಇಷ್ಟ ಅಂದೆ. ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ ಬಂದ ಅಳು ಅಲ್ಲಿಯ ತನಕದ ಅಳುವಿನ ಹಾಗಿರಲಿಲ್ಲ. "ಮೂವತ್ತು ವರ್ಷ ಜೊತೆಗಿದ್ದೆ. ನಂಗೆ ಗೊತ್ತಿಲ್ಲ ಮೇಡಂ."

ಆ ಅಳು ತಗ್ಗುವಾಗಲೇ ಗಂಟೆಯ ವಿಷಯ ಹೊರಬಂತು. ಅಜ್ಜಿಗೆ ಕೂಗಲು ಆಗುತ್ತಿರಲಿಲ್ಲ ಅಂತ ಹಾಸಿಗೆ ಪಕ್ಕ ಒಂದು ಚಿಕ್ಕ ಹಿತ್ತಾಳೆ ಗಂಟೆ ಇಟ್ಟಿದ್ದರು. ಒಂದು ರಾತ್ರಿ ಅದು ಏಳು ಸಲ ಬಾರಿಸಿತು. ಏಳನೇ ಸಲ ಇವಳು ಹೋಗಿ "ಸ್ವಲ್ಪ ಹೊತ್ತು ಸುಮ್ನೆ ಮಲಗಜ್ಜಿ, ನಂಗೂ ಸಾಕಾಗಿದೆ" ಅಂದುಬಿಟ್ಟಳು. ಅವತ್ತು ರಾತ್ರಿ ಗಂಟೆ ಮತ್ತೆ ಬಾರಿಸಲಿಲ್ಲ. ನಾಲ್ಕನೇ ದಿನಕ್ಕೆ ಅಜ್ಜಿ ಹೋದರು. ಎಂಟು ತಿಂಗಳು ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ತಪ್ಪೇನಿಲ್ಲ ಬಿಡು ಅಂತ ಹೇಳುವುದು ಸುಲಭ. ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಎದುರಿನವರು ಸುಮ್ಮನಾಗುತ್ತಾರೆ, ಹಗುರ ಆಗುವುದಿಲ್ಲ. ಬದಲಿಗೆ ಎರಡು ಕೆಲಸ ಕೊಟ್ಟೆ. ಒಂದು, ಅಜ್ಜಿಯನ್ನು ಬಲ್ಲ ಮೂರು ಜನರನ್ನು ಕಂಡು "ಅಜ್ಜಿ ಯಾರ ಕೆಲಸವನ್ನೂ ಮಾಡದೆ ಇದ್ದಾಗ ಏನು ಮಾಡುತ್ತಿದ್ದರು?" ಅಂತ ಕೇಳಬೇಕು. ಇನ್ನೊಂದು, ಅಜ್ಜಿಯ ಕೈಬರಹ ಎಲ್ಲಾದರೂ ಇದ್ದರೆ ಹುಡುಕಿ ತರಬೇಕು.

ಮೂರನೇ ಭೇಟಿಗೆ ಒಂದು ಹಳೇ ನೋಟ್‌ಬುಕ್ ತಂದಳು. ಅಜ್ಜನನ್ನು ನೋಡಿಕೊಳ್ಳುವಾಗ ಅಜ್ಜಿ ಬರೆದಿಟ್ಟಿದ್ದು. ಮಾತ್ರೆಯ ಹೊತ್ತು, ಬಿಪಿ, ಮಗ್ಗುಲು ಬದಲಿಸಿದ ಲೆಕ್ಕ. ರಾತ್ರಿ 10 ಎಡ, 12 ಬಲ, 2 ಎಡ, 4 ಬಲ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು, ಸೊಂಟ ಹುಣ್ಣಾಗುತ್ತದೆ ಅಂತ ಎರಡೆರಡು ಗಂಟೆಗೆ ಎದ್ದು ತಿರುಗಿಸಿದ್ದಾರೆ. ಪೆನ್ಸಿಲನ್ನು ಎಷ್ಟು ಒತ್ತಿದ್ದರು ಅಂದರೆ ಹಿಂದಿನ ಪುಟದ ಅಕ್ಷರ ಮುಂದಿನದರಲ್ಲಿ ಉಬ್ಬಿ ಕಾಣುತ್ತಿತ್ತು. ಪುಟಗಟ್ಟಲೆ ಬರೀ ಎಡ, ಬಲ.

ನಡುವೆ ಒಂದು ಕಡೆ, ಅಂಚಿನಲ್ಲಿ: "ಇವತ್ತು ಮಧ್ಯಾಹ್ನ ನಿದ್ದೆ ಬಂತು. ಯಾರೂ ಎಬ್ಬಿಸಲಿಲ್ಲ."

ಇನ್ನೂ ಕೆಲವು ಪುಟ ದಾಟಿದ ಮೇಲೆ, ರಾತ್ರಿ 2ರ ಎದುರಿಗೆ ಎಡವೂ ಇಲ್ಲ, ಬಲವೂ ಇಲ್ಲ. ಒಂದೇ ಪದ. "ಸಾಕಾಗಿದೆ."

ಅದರ ಕೆಳಗೆ, 4 ಬಲ.

ಆ ಪುಟವನ್ನು ಅವಳು ನನ್ನ ಕಡೆ ತಿರುಗಿಸಿ, ಆ ಪದದ ಮೇಲೆ ಬೆರಳಿಟ್ಟು ಕೂತಳು. ನಾನೂ ಮಾತಾಡಲಿಲ್ಲ. ಕೊನೆಗೆ ಅವಳೇ "ಅಜ್ಜಿಗೂ ಸಾಕಾಗಿತ್ತು" ಅಂದಳು. ನಿಧಾನಕ್ಕೆ, ಒಂದೊಂದೇ ಪದ.

ನಾನು ಹೇಳಿದ್ದು ಇಷ್ಟು. ಅಜ್ಜಿಯನ್ನು ತ್ಯಾಗಮಯಿ ಅಂತ ಪಟ ಮಾಡಿ ಗೋಡೆಗೆ ಏರಿಸಿದರೆ, ಆ ಪಟದ ಕೆಳಗೆ ನೀನು ಯಾವಾಗಲೂ ತಪ್ಪಿತಸ್ಥೆಯೇ. ಅವರಿಗೂ ಸಿಟ್ಟು, ಸುಸ್ತು, ಬೇಸರ ಇತ್ತು ಅಂತ ಒಪ್ಪಿಕೊಂಡರೆ ಅವರು ಮಾಡಿದ್ದು ಸಣ್ಣದಾಗುವುದಿಲ್ಲ. ಸಾಕಾದ ಮೇಲೂ ನಾಲ್ಕು ಗಂಟೆಗೆ ಎದ್ದಿದ್ದಾರಲ್ಲ. ನೀನೂ ಆ ರಾತ್ರಿ ಬೈದ ಮೇಲೆ ಮರುದಿನ ಎದ್ದು ಅವರ ಮೈ ಒರೆಸಿದ್ದೀಯ.

ಮನೆಗೆ ಹೋಗಿ ಗಂಟೆಯ ರಾತ್ರಿಯ ಬಗ್ಗೆ ಅಜ್ಜಿಗೇ ಒಂದು ಪತ್ರ ಬರೆ, ಒಂದು ದಿನ ಬಿಟ್ಟು ಅಜ್ಜಿ ಏನು ಉತ್ತರ ಕೊಡುತ್ತಿದ್ದರೋ ಅದನ್ನೂ ಬರೆ ಅಂದೆ. ಯಾರಿಗೂ ತೋರಿಸಬೇಕಿಲ್ಲ, ನನಗೂ ಬೇಡ. ನಗು ಬಂದಾಗ ನಗುವ ಬಗ್ಗೆಯೂ ಮಾತಾಡಿದೆವು. ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ್ದು ನನ್ನ ಅನುಭವಕ್ಕೂ ಸರಿಹೊಂದುತ್ತದೆ. ದುಃಖದಲ್ಲಿರುವವರು ಒಂದು ಸಲ ನೋವಿನ ಕಡೆ, ಒಂದು ಸಲ ಬದುಕಿನ ಕಡೆ ತೂಗಾಡುತ್ತಲೇ ಇರುತ್ತಾರೆ. ಆ ತೂಗಾಟದಲ್ಲೇ ಚೇತರಿಕೆ ಇದೆ. ಅಜ್ಜಿಯ ಸಾಮಾನು ಕೊಡುವುದು, ಎಸೆಯುವುದು ಸದ್ಯ ಬೇಡ ಅಂದೆ. ಗಂಟೆ ಕಣ್ಣಿಗೆ ಬಿದ್ದರೆ ಕಷ್ಟ ಆಗುತ್ತೆ ಅಂದಳು. ಸರಿ, ಡ್ರಾದಲ್ಲಿಡು.

ಮೂರು ಜನರಲ್ಲಿ ಇಬ್ಬರು "ಪಾಪ, ಅವರಿಗೆ ಪುರುಸೊತ್ತೇ ಇರಲಿಲ್ಲ" ಅಂದರಂತೆ. ಮೂರನೆಯವರು ಅಜ್ಜಿಯ ತಂಗಿ. ಅವರು ಕೇಳಿದ ತಕ್ಷಣ ನಕ್ಕರಂತೆ. "ಪದಬಂಧ ಕಣೇ! ನಿಂಗೆ ನೆನಪಿಲ್ವಾ?" ಆಗ ನೆನಪಾಯಿತು. ಮಾತ್ರೆ ಡಬ್ಬಿಯ ಪಕ್ಕ ಯಾವಾಗಲೂ ಇರುತ್ತಿದ್ದ ಮೋಟು ಪೆನ್ಸಿಲ್. ಒಂದು ಸಲ ಇವಳು ಸಹಾಯ ಮಾಡೋಣ ಅಂತ ಎರಡು ಮನೆ ತುಂಬಿಬಿಟ್ಟಾಗ, ಅಜ್ಜಿ ಸಂಜೆಯ ತನಕ ಮಾತು ಬಿಟ್ಟಿದ್ದು.

ನಾಲ್ಕನೇ ಭೇಟಿಗೆ ಹೊಸ ಹಾಳೆ ತಂದಿದ್ದಳು. ಮೊದಲ ಸಾಲು ಹೀಗಿತ್ತು: "ನಮ್ಮ ಅಜ್ಜಿಯ ಪದಬಂಧಕ್ಕೆ ಯಾರೂ ಕೈ ಹಾಕುವ ಹಾಗಿರಲಿಲ್ಲ." ಗಂಟೆಯ ವಿಷಯ ಅದರಲ್ಲಿ ಇರಲಿಲ್ಲ. ಎಲ್ಲರ ಮುಂದೆ ಹೇಳಲೇಬೇಕಾ ಅಂತ ಕೇಳಿದಳು. ಬೇಡ, ಅದು ನಿಮ್ಮಿಬ್ಬರದು ಅಂದೆ.

ನಿದ್ದೆ ಈಗ ಪರವಾಗಿಲ್ಲ. ಕೆಲವು ರಾತ್ರಿ ಎರಡು ಗಂಟೆಗೆ ಇನ್ನೂ ಎಚ್ಚರ ಆಗುತ್ತಂತೆ. ಆಗ ದೀಪ ಹಾಕಿ, ಒಂದು ಮೋಟು ಪೆನ್ಸಿಲ್ ಹಿಡಿದು, ಅಜ್ಜಿ ಅರ್ಧಕ್ಕೆ ಬಿಟ್ಟ ಪದಬಂಧದ ಮುಂದೆ ಕೂರುತ್ತಾಳೆ. ತುಂಬುವುದಿಲ್ಲ. ಸ್ವಲ್ಪ ಹೊತ್ತು ನೋಡಿ, ದೀಪ ಆರಿಸಿ ಮಲಗುತ್ತಾಳೆ.