ಫೀಸ್ ಕಟ್ಟುವ ಮೊದಲು ಲ್ಯಾಬ್ ನೋಡಿ ಬನ್ನಿ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಕೋರ್ಸಿನ ಬಗ್ಗೆಯೇ ಇವೆ. ಪಿಯುಸಿ ಫಲಿತಾಂಶ ಬಂದಿದೆ, ಸಿಇಟಿ ಆಗಿದೆ, ಮನೆಮನೆಯಲ್ಲೂ ಅದೇ ಮಾತು. ನಾನು ಸರ್ಕಾರಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುವವಳು. ಅಡ್ಮಿಷನ್ ಸಮಯದಲ್ಲಿ ಪ್ರತಿ ವರ್ಷ ಅರ್ಜಿ ನೋಡುವ ಟೇಬಲ್ಲಿಗೆ ನನ್ನನ್ನೇ ಕೂರಿಸುತ್ತಾರೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಕಾಮರ್ಸ್‌ನಲ್ಲಿ ಪಿಯುಸಿ ಮುಗಿಸಿದ್ದಾಳೆ. ಸೆಬಾ (CEBA) ಕಾಂಬಿನೇಶನ್, 81 ಪರ್ಸೆಂಟ್. ಬಿಸಿಎ ಮಾಡ್ತೀನಿ ಅಂತಾಳೆ. ಸೈನ್ಸ್ ಓದದವರಿಗೆ ಕಂಪ್ಯೂಟರ್ ತಲೆಗೆ ಹತ್ತಲ್ಲ ಅಂತ ನಮ್ಮ ಭಾವನವರು ಹೇಳ್ತಾರೆ. ಇದರ ಮಧ್ಯೆ ಬೆಂಗಳೂರಿನ ಒಂದು ಕಾಲೇಜಿನಿಂದ ದಿನಾ ಫೋನು. ‘ಎಐ ಇರುವ ಬಿಸಿಎ, ಎರಡೇ ಸೀಟು ಉಳಿದಿವೆ, ಇವತ್ತೇ 10,000 ಹಾಕಿ ಸೀಟು ಬ್ಲಾಕ್ ಮಾಡಿ’ ಅಂತಾರೆ. ನಮ್ಮ ಯಜಮಾನರು ಹಾಕಿಬಿಡೋಣ ಅಂತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಾ ತಾಲ್ಲೂಕು

ಉತ್ತರ: ಇವತ್ತು ಹಾಕಬೇಡಿ. ಯಜಮಾನರಿಗೂ ಈ ಪುಟ ಓದಿಸಿ.

ಮೊದಲು ಭಾವನವರ ಮಾತು. ಸೆಬಾದಲ್ಲಿ ಮೊದಲನೆಯ ವಿಷಯವೇ ಕಂಪ್ಯೂಟರ್ ಸೈನ್ಸ್. ನಿಮ್ಮ ಮಗಳು ಎರಡು ವರ್ಷ ಅದನ್ನು ಓದಿದ್ದಾಳೆ, ಲ್ಯಾಬಿನಲ್ಲಿ ಕೂತು ಪ್ರೋಗ್ರಾಂ ಬರೆದಿದ್ದಾಳೆ, ಡೇಟಾಬೇಸ್ ಅಂದರೆ ಏನು ಅಂತ ಅವಳಿಗೆ ಗೊತ್ತು. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಓದಿ ಬರುವ ಎಷ್ಟೋ ಮಕ್ಕಳು ಪಿಯುಸಿಯಲ್ಲಿ ಒಂದೇ ಒಂದು ಪ್ರೋಗ್ರಾಮನ್ನೂ ಬರೆದಿರುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಅವರಿಗಿಂತ ಇವಳೇ ಮುಂದೆ ಇರುತ್ತಾಳೆ. ಒಂದು ಕಡೆ ಮಾತ್ರ ಕಷ್ಟ ಆಗಬಹುದು, ಗಣಿತದಲ್ಲಿ. ಬಿಸಿಎಯಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್ ಬರುತ್ತದೆ: ಸೆಟ್, ಲಾಜಿಕ್, ಮ್ಯಾಟ್ರಿಕ್ಸ್ ಇವೆಲ್ಲ. ಯಾರ ಮನೆಯಲ್ಲಾದರೂ ಪಿಯುಸಿಯ ಎರಡೂ ವರ್ಷದ ಹಳೇ ಗಣಿತ ಪುಸ್ತಕ ಸಿಗುತ್ತವೆ, ತಂದುಕೊಂಡು ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಕೂತರೆ ಸಾಕು. ಮುಂದೆ ಎಂಸಿಎ (ಕಂಪ್ಯೂಟರಿನ ಸ್ನಾತಕೋತ್ತರ ಡಿಗ್ರಿ) ಮಾಡುವ ಆಸೆ ಇದ್ದರೂ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿದ್ದರೆ ಅನುಕೂಲ. ಅದಕ್ಕೇ ಸೇರುವ ಕಾಲೇಜಿನಲ್ಲಿ ಗಣಿತದ ಪೇಪರ್ ಇದೆಯಾ ಅಂತ ಕೇಳಿಕೊಳ್ಳಿ.

ಈಗ ಆ ಫೋನಿನ ವಿಷಯ. ಎರಡೇ ಸೀಟು ಉಳಿದಿದ್ದರೆ ಅವರು ಶಿರಾಕ್ಕೆ ದಿನಾ ಫೋನ್ ಮಾಡುತ್ತಾ ಕೂರುತ್ತಿರಲಿಲ್ಲ, ಅಲ್ವಾ? ಮತ್ತೆ ಫೋನ್ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು? ಎಐಸಿಟಿಇ ಅನುಮತಿ ಈ ವರ್ಷಕ್ಕೆ ಇದೆಯಾ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಇದು, 2024-25ರಿಂದ ಬಿಸಿಎ ಕೂಡ ಅದರ ವ್ಯಾಪ್ತಿಗೆ ಬಂದಿದೆ)? ಆರೂ ಸೆಮಿಸ್ಟರ್‌ನ ಪೇಪರ್‌ಗಳ ಪಟ್ಟಿ ಕಳಿಸುತ್ತೀರಾ? ಆ ಪಟ್ಟಿ ಬಂದರೆ ಮಗಳ ಜೊತೆ ಕೂತು ಓದಿ. ಸಿ, ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಜಾವಾ ಅಥವಾ ಪೈಥಾನ್ ಇರಬೇಕು. ಇವು ಗಟ್ಟಿಯಾದರೆ ಎಐ ಆಮೇಲೂ ಕಲಿಯಬಹುದು. ಇವನ್ನೇ ಮೊಟಕು ಮಾಡಿ ಎಐ ಅಂತ ಬೋರ್ಡ್ ಹಾಕಿದ್ದರೆ ಆ ಕೋರ್ಸ್ ಬೇಡವೇ ಬೇಡ.

ಪಟ್ಟಿ ಸರಿಯಾಗಿದೆ ಅನ್ನಿಸಿದರೂ ದುಡ್ಡು ಕಟ್ಟುವ ಮೊದಲು ಖುದ್ದಾಗಿ ಹೋಗಿ ಲ್ಯಾಬ್ ನೋಡಲೇಬೇಕು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಅಕ್ಕನ ಮಗನನ್ನು ನಾವು ಒಂದು ಕಾಲೇಜಿಗೆ ಸುಮ್ನೆ ಕಟ್ಟಡ ನೋಡಿ ಸೇರಿಸಿಬಿಟ್ಟೆವು. ಗಾಜಿನ ಬಾಗಿಲು, ಎಸಿ ರಿಸೆಪ್ಷನ್. ಎರಡು ತಿಂಗಳಾದ ಮೇಲೆ ನಾನೇ ಹೋಗಿ ಲ್ಯಾಬ್ ನೋಡಿದೆ. 40 ಕಂಪ್ಯೂಟರ್ ಇದ್ದವು, ಪ್ಲಾಸ್ಟಿಕ್ ಕವರ್ ತೆಗೆದಿದ್ದು ಹನ್ನೆರಡಕ್ಕೆ ಮಾತ್ರ. ಒಂದೊಂದರ ಮುಂದೆ ಮೂರು ಮೂರು ಹುಡುಗರು. ಒಬ್ಬ ಟೈಪ್ ಮಾಡುತ್ತಿದ್ದ, ಇಬ್ಬರು ನೋಡುತ್ತಿದ್ದರು. ನಮ್ಮ ಹುಡುಗನ ರೆಕಾರ್ಡ್ ಪುಸ್ತಕ ತೆಗೆದು ನೋಡಿದರೆ ಹನ್ನೊಂದು ಪ್ರೋಗ್ರಾಂ, ಮುತ್ತಿನಂಥ ಅಕ್ಷರ, ಕೆಂಪು ಇಂಕಿನಲ್ಲಿ ಸಹಿ. ‘ಇದರಲ್ಲಿ ನೀನು ರನ್ ಮಾಡಿದ್ದು ಎಷ್ಟು’ ಅಂತ ಕೇಳಿದೆ. ತಲೆ ತಗ್ಗಿಸಿ ‘ಎರಡು, ಚಿಕ್ಕಮ್ಮ’ ಅಂದ. ಉಳಿದದ್ದೆಲ್ಲ ಸೀನಿಯರ್ ಪುಸ್ತಕ ನೋಡಿ ಬರೆದದ್ದು. ಬಿಡಿಸಿಕೊಂಡು ಬರೋಣ ಅಂದರೆ ಅವನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲಿತ್ತು. ಆ ವರ್ಷ ಅಕ್ಕ ಎಷ್ಟು ಅತ್ತಳು ಅಂತ ನನಗೆ ಮಾತ್ರ ಗೊತ್ತು.

ಹಾಗಾಗಿ ಮಗಳನ್ನೂ ಕರೆದುಕೊಂಡು, ತರಗತಿ ನಡೆಯುವ ದಿನವೇ ಹೋಗಿ. ಲ್ಯಾಬಿನಿಂದ ಹೊರಗೆ ಬರುವ ಹುಡುಗಿಯರನ್ನು ನಿಲ್ಲಿಸಿ, ‘ಹೋದ ವಾರ ಪ್ರಾಕ್ಟಿಕಲ್‌ನಲ್ಲಿ ಏನು ಮಾಡಿಸಿದ್ರಮ್ಮ?’ ಅಂತ ಕೇಳಿ. ತಟ್ಟನೆ ಉತ್ತರ ಬಂದರೆ ಅಲ್ಲಿ ಪಾಠ ನಡೆಯುತ್ತಿದೆ. ಮುಖ ಮುಖ ನೋಡಿಕೊಂಡರೆ ವಾಪಸ್ ಬನ್ನಿ. ದುಡ್ಡು ಕಟ್ಟುವ ಸಂದರ್ಭ ಬಂದರೂ ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ, ವಾಪಸ್ ತನ್ನಿ. ಕಾಲೇಜು ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ, ಸೀಟು ಬಿಟ್ಟರೆ ಫೀಸ್ ವಾಪಸ್ ಕೊಡುವ ಲೆಕ್ಕವನ್ನೂ ಅದರಲ್ಲೇ ಬರೆದಿದೆ.

ಇನ್ನೊಂದು ಮಾತು. ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿಸಿಎ ಎಲ್ಲೆಲ್ಲಿ ಇದೆ ವಿಚಾರಿಸಿದಿರಾ? ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು, ಕಾಲೇಜಿಗೇ ಹೋದರೆ ಅಲ್ಲಿನವರು ಹಾಕಿಸಿಕೊಡುತ್ತಾರೆ. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಮತ್ತೆ 3 ವರ್ಷ ಆಗಿದೆ. ತುಮಕೂರಿಗೆ ಓಡಾಡಬೇಕಾದರೂ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ. ಬೆಂಗಳೂರಿನಲ್ಲಿ ಪಿಜಿಗೆ ಸುರಿಯುವ ದುಡ್ಡಿನಲ್ಲಿ ಅವಳಿಗೊಂದು ಒಳ್ಳೆಯ ಲ್ಯಾಪ್‌ಟಾಪ್ ಬರುತ್ತದೆ.

ಪ್ರಶ್ನೆ: ನಮಸ್ತೆ ಮೇಡಂ. ಒಂದರಿಂದ ಹತ್ತರವರೆಗೆ ನಮ್ಮೂರಿನ ಕನ್ನಡ ಶಾಲೆ, ಆಮೇಲೆ ಪಿಸಿಎಂಸಿ. ಪಿಯುಸಿಯಲ್ಲಿ 68 ಪರ್ಸೆಂಟ್. ಸಿಇಟಿ ಅಷ್ಟೇನೂ ಚೆನ್ನಾಗಿ ಆಗಿಲ್ಲ. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಆಸೆ ಇದೆ. ನನ್ನ ರ‍್ಯಾಂಕಿಗೆ ಸಿಗದ ಕಾಲೇಜು ಬರೆದರೆ ಸೀಟೇ ಹೋಗುತ್ತೆ ಅಂತ ಸೈಬರ್ ಅಂಗಡಿಯವರು ಹೆದರಿಸಿದರು. ಇಂಗ್ಲಿಷ್ ಅಂದರೂ ಭಯ.
– ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ನೋಡು ಮಗಾ, ಸೈಬರ್ ಅಂಗಡಿಯವರು ಹೇಳಿದ್ದು ತಪ್ಪು. ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಬರೆಯುವುದು. ಅದರಲ್ಲಿ ನಿನಗೆ ಯಾವುದು ಜಾಸ್ತಿ ಇಷ್ಟವೋ ಅದು ಮೊದಲು, ಆಮೇಲೆ ಎರಡನೆಯದು, ಹೀಗೆ ಬರೆಯುತ್ತಾ ಹೋಗಬೇಕು. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಮುಂದಿನದಕ್ಕೆ ಇಳಿಯುತ್ತದೆ. ಸಿಗದ ಕಾಲೇಜು ಬರೆದದ್ದಕ್ಕೆ ಯಾವ ಶಿಕ್ಷೆಯೂ ಇಲ್ಲ. ಕಡಿಮೆ ಬರೆದರೆ ಮಾತ್ರ ತೊಂದರೆ. ಹತ್ತು ಆಪ್ಷನ್ ಹಾಕಿ ಸೀಟೇ ಬರದೆ ಅಳುತ್ತಾ ಬಂದ ಮಕ್ಕಳನ್ನು ನೋಡಿದ್ದೇನೆ. ನೀನು ಧಾರಾಳವಾಗಿ ಬರಿ. ಸಿಎಸ್ ಜೊತೆ ಇನ್ಫಾರ್ಮೇಶನ್ ಸೈನ್ಸ್ ಬರಿ, ಇಸಿಯನ್ನೂ (ಎಲೆಕ್ಟ್ರಾನಿಕ್ಸ್) ಬರಿ. ಹಾವೇರಿಯ ದೇವಗಿರಿಯಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ, ಅದನ್ನು ಬಿಡಬೇಡ. ಮೊದಲು ಮಾಕ್ ಅಲಾಟ್‌ಮೆಂಟ್ ಅಂತ ಬರುತ್ತದೆ. ಅದರಲ್ಲಿ ಏನು ಬಂತು ನೋಡಿಕೊಂಡು ಪಟ್ಟಿಯನ್ನು ಹಿಂದೆ ಮುಂದೆ ಮಾಡಬಹುದು. ನಿಜವಾದ ಸೀಟು ಬಂದ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದು ಅಂದರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ಪೂರ್ತಿ ಹೊರಗೆ. ಈ ಕ್ಲಿಕ್ಕನ್ನು ಬೇರೆಯವರ ಕೈಯಲ್ಲಿ ಮಾಡಿಸಬೇಡ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಗೊತ್ತಾಗದೆ ಕೈಯಲ್ಲಿದ್ದ ಸೀಟು ಬಿಟ್ಟುಕೊಂಡವರು ಪ್ರತಿ ವರ್ಷ ಇರುತ್ತಾರೆ.

ರ‍್ಯಾಂಕಿನಲ್ಲಿ ಅರ್ಧ ಸಿಇಟಿ, ಇನ್ನರ್ಧ ಪಿಯುಸಿಯ ಪಿಸಿಎಂ ಅಂಕ. ಇದರ ಜೊತೆ ನಿನಗೆ ಎರಡು ಹಕ್ಕು ಇವೆ. ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮ ಕೋಟಾ 5 ಪರ್ಸೆಂಟ್. ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದೇ ಆಧಾರ. ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ನಿಗದಿತ ನಮೂನೆಯಲ್ಲೇ ಬರೆಸಿಕೊಂಡು ಬಿಇಒ ಕಚೇರಿಯಲ್ಲಿ ಸಹಿ ಮಾಡಿಸು. ಅರ್ಜಿಯಲ್ಲಿ ಇವನ್ನು ಕೇಳಿಕೊಂಡಿದ್ದೀಯಾ ಅಂತ ಇವತ್ತೇ ಪ್ರಿಂಟ್ ತೆಗೆದು ನೋಡು. ನಮ್ಮ ಮಕ್ಕಳು ಕನ್ನಡದಲ್ಲಿ ಓದಿದ್ದನ್ನು ಕೊರತೆ ಅಂದುಕೊಂಡು ಹೇಳಿಕೊಳ್ಳುವುದೇ ಇಲ್ಲ. ಅದು ನಿನ್ನ ಹಕ್ಕು ಕಣೋ.

ಇಂಗ್ಲಿಷ್ ವಿಷಯಕ್ಕೆ ನಮ್ಮ ಕಾಲೇಜಿನ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅವನೂ ಹಳ್ಳಿ ಕನ್ನಡ ಶಾಲೆಯವನೇ. ಪ್ರೋಗ್ರಾಂ ತಪ್ಪಾದಾಗ ಕಂಪ್ಯೂಟರ್ ತೋರಿಸುವ ಎರರ್ ಸಾಲನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಡಗಡೆ ಹಾಗೇ ಬರೆದುಕೊಳ್ಳುತ್ತಿದ್ದ, ಬಲಗಡೆ ಕನ್ನಡದಲ್ಲಿ ಅದರ ಅರ್ಥ. ‘ಸೆಮಿಕೋಲನ್ ಬಿಟ್ಟಿದ್ದೀಯ’, ‘ಈ ಹೆಸರು ಮೊದಲೇ ಹೇಳಿಲ್ಲ’, ‘ಬ್ರಾಕೆಟ್ ತೆರೆದೆ, ಮುಚ್ಚಲಿಲ್ಲ’. ಎರಡನೇ ಸೆಮಿಸ್ಟರ್ ಹೊತ್ತಿಗೆ ಇಂಗ್ಲಿಷ್ ಮೀಡಿಯಂ ಮಕ್ಕಳು ಎರರ್ ಬಂದರೆ ಅವನ ಟೇಬಲ್ಲಿಗೆ ಹೋಗುತ್ತಿದ್ದರು. ಮೊದಲ ಆರು ತಿಂಗಳು ನಿನಗೂ ಕಷ್ಟ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅರ್ಥ ಆಗದಿದ್ದರೆ ಕ್ಲಾಸಿನಲ್ಲೇ ಕೈ ಎತ್ತು, ಕನ್ನಡದಲ್ಲೇ ಕೇಳು.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್‌ಗೆ ಹಾಕಿದರೆ ಮುಂದೆ ಇಂಜಿನಿಯರಿಂಗ್ ದಾರಿ ಮುಚ್ಚಿಹೋಗುತ್ತಾ?
– ಚಿತ್ರದುರ್ಗ

ಉತ್ತರ: ಇಲ್ಲ. ಡಿಪ್ಲೊಮಾ 3 ವರ್ಷ. ಮುಗಿದ ಮೇಲೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕೈಯಲ್ಲಿ ಮಾಡಿ ಕಲಿಯುವ ಹುಡುಗನಾದರೆ ಒಳ್ಳೆಯ ದಾರಿ, ಬೇಗ ದುಡಿಯಬೇಕಾದ ಮನೆಯಾದರೂ ಸರಿಯೇ. ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್ ಮೊದಲು ನೋಡಿ.

ಪ್ರಶ್ನೆ: ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಇದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಹಿಂದೆ ಇದೆ. ಬಿಸಿಎಗೆ ಸೇರಿದ ಮೇಲೆ ಸರಿ ಮಾಡಿಸಿದರೆ ಆಗುತ್ತಾ?
– ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಈಗಲೇ ಮಾಡಿಸಮ್ಮ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೇಗಿದೆಯೋ ಹಾಗೇ ಆಧಾರ್ ತಿದ್ದಿಸು. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಹಾಕುವಾಗ ಹೆಸರು ಹೊಂದದೆ ಅರ್ಜಿ ನಿಂತುಹೋಗುವುದು ಇಲ್ಲೇ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಕೇಳಿಕೋ, ದುಡ್ಡು ಆ ಖಾತೆಗೇ ಬರುವುದು. ಜಾತಿ, ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಹಳೆಯದಾಗಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸು. ಕೊಪ್ಪಳದವಳಾದ್ದರಿಂದ ಸಂವಿಧಾನದ 371(ಜೆ) ಅರ್ಹತಾ ಪತ್ರ ತೆಗೆದಿಟ್ಟುಕೋ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅದರಿಂದ ಸೀಟಿನಲ್ಲೂ, ನಾಳೆ ಸರ್ಕಾರಿ ಕೆಲಸದಲ್ಲೂ ಮೀಸಲಾತಿ ಸಿಗುತ್ತದೆ.

ಪ್ರಶ್ನೆ: ಅಕ್ಕಾರೆ, ನನಗೆ 27 ವರ್ಷ. ಬಿಕಾಂ ಮುಗಿದ ಕೂಡಲೇ ಮದುವೆ ಆಯ್ತು. ಮಗಳು ಈ ವರ್ಷ ಒಂದನೇ ಕ್ಲಾಸಿಗೆ ಹೋಗ್ತಾಳೆ. ನನಗೆ ಕಂಪ್ಯೂಟರ್ ಓದಬೇಕು ಅಂತ ಭಾಳ ಆಸೆ. ಮನೆಯಲ್ಲಿ ಬೇಡ ಅನ್ನಲ್ಲ, ಆದರೆ ಮನೆಯಲ್ಲೇ ಕೂತು ಓದೋ ಕೋರ್ಸ್ ಮಾಡು ಅಂತಾರೆ. ನನಗೆ ಕ್ಲಾಸಿನಲ್ಲಿ ಕೂತು ಕಲೀಬೇಕು. ಈ ವಯಸ್ಸಿಗೆ ರೆಗ್ಯುಲರ್ ಕಾಲೇಜಿಗೆ ತಗೋತಾರಾ?
– ಹುಬ್ಬಳ್ಳಿ

ಉತ್ತರ: ತಗೋತಾರೆ ತಂಗಿ. 27 ಒಂದು ವಯಸ್ಸೇ ಅಲ್ಲ.

ನೀನು ಮತ್ತೆ ಮೊದಲಿನಿಂದ ಬಿಸಿಎ ಮಾಡಬೇಕಾಗಿಲ್ಲ. ಎಂಸಿಎ ನೋಡು. 2020-21ರಿಂದ ಅದು 2 ವರ್ಷದ ಕೋರ್ಸ್. ಡಿಗ್ರಿಯಲ್ಲಿ 50 ಪರ್ಸೆಂಟ್ ಇರಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ 45. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿರಬೇಕಾಗಬಹುದು. ನಿನ್ನ ಬಿಕಾಂನಲ್ಲಿ ಬಿಸಿನೆಸ್ ಮ್ಯಾಥ್ಸ್ ಇದ್ದರೆ ಅದನ್ನು ಒಪ್ಪುತ್ತಾರಾ ಅಂತ ನಿನ್ನ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಕಾಲೇಜಿನ ಎಂಸಿಎ ವಿಭಾಗದಲ್ಲೇ ಕೇಳು, ಅರ್ಜಿ ಫೀಸ್ ಕಟ್ಟುವ ಮೊದಲು. ಪ್ರವೇಶ ಪರೀಕ್ಷೆ ಪಿಜಿಸಿಇಟಿ, ನಡೆಸುವುದು ಸಿಇಟಿ ನಡೆಸುವ ಕೆಇಎಯೇ. ಕಂಪ್ಯೂಟರ್ ಓದದೆ ಬಂದವರಿಗೆ ಬ್ರಿಡ್ಜ್ ಕೋರ್ಸ್ ಇರುತ್ತದೆ, ಅದನ್ನು ತಪ್ಪಿಸಬೇಡ.

ಮನೆಯವರು ಹೇಳುವುದರಲ್ಲೂ ಕಾಳಜಿ ಇದೆ. ದೂರಶಿಕ್ಷಣದಲ್ಲಿ ಓದಿ ಚೆನ್ನಾಗಿ ಬಂದವರೂ ಇದ್ದಾರೆ. ಆದರೆ ಪ್ರೋಗ್ರಾಮಿಂಗ್ ಹೊಸದಾಗಿ ಕಲಿಯುವವರಿಗೆ ಪಕ್ಕದಲ್ಲಿ ಒಬ್ಬರು ಕೂತು ‘ಇಲ್ಲಿ ನೋಡು, ಈ ಸಾಲು’ ಅಂತ ತೋರಿಸುವುದಿದೆಯಲ್ಲ, ಅದು ಮನೆಯಲ್ಲಿ ಸಿಗುವುದಿಲ್ಲ. ಮನೆಯಲ್ಲಿದ್ದರೆ ಓದಲು ಕೂತಾಗಲೇ ಹಾಲಿನವನು ಬರುತ್ತಾನೆ, ಕುಕ್ಕರ್ ಕೂಗುತ್ತದೆ. ಯಜಮಾನರ ಹತ್ತಿರ ಇದನ್ನೇ ಹೇಳು. ಮಗಳ ಶಾಲೆಯ ವೇಳೆ, ಕಾಲೇಜಿನ ವೇಳೆ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಡು. ಅವಳನ್ನು ಶಾಲೆಯಿಂದ ಕರೆತರುವವರು ಯಾರು ಅನ್ನುವುದೊಂದು ತೀರ್ಮಾನವಾದರೆ ಉಳಿದದ್ದು ಸುಲಭ.

ನನ್ನ ಕ್ಲಾಸಿನಲ್ಲಿ 31 ವರ್ಷದ ಒಬ್ಬಳು ಇದ್ದಳು. ಮೊದಲ ದಿನ ಅವಳು ಬಾಗಿಲಲ್ಲಿ ಬಂದು ನಿಂತಾಗ ಹುಡುಗರೆಲ್ಲ ಲೆಕ್ಚರರ್ ಬಂದರು ಅಂತ ಎದ್ದು ನಿಂತರು. ಅವಳಿಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು, ವಾಪಸ್ ಹೋಗಿಬಿಡೋಣ ಅನ್ನಿಸಿತಂತೆ. ಹೋಗಲಿಲ್ಲ. ತಿಂಗಳು ಕಳೆಯುವುದರೊಳಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು, ಜ್ವರ ಬಂದು ತಪ್ಪಿಸಿದ ಕ್ಲಾಸಿನ ನೋಟ್ಸನ್ನು ಅವಳ ಹತ್ತಿರವೇ ಕೇಳುತ್ತಿದ್ದರು.

ಪಿಜಿಸಿಇಟಿ ಅರ್ಜಿ ಹಾಕಿದ ದಿನ ನನಗೊಂದು ಸಾಲು ಬರಿ. ಗಣಿತದ ನೋಟ್ಸ್ ಕಳಿಸುತ್ತೇನೆ.