ಸೈಕಲ್ ತುಳಿಯುವವರಿಗೂ ಹೆಲ್ಮೆಟ್ ಬೇಕಾ?

ಮುಂದಿನ ತಿಂಗಳಿಂದ ಆಫೀಸಿಗೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದೀರಿ. ಬೆಂಗಳೂರಿನ ರಸ್ತೆ, ಒಂದು ಕಡೆಗೆ ಏಳು ಕಿಲೋಮೀಟರ್. ಹೆಲ್ಮೆಟ್ ಇಲ್ಲದೆ ಗೇಟು ದಾಟಬೇಡ ಅನ್ನುತ್ತಾರೆ ನಿಮ್ಮ ಅಮ್ಮ. ಸೈಕಲ್‌ಗ್ಯಾಕೆ ಹೆಲ್ಮೆಟ್ಟು ಅಂತ ಗೆಳತಿಯರು ನಗುತ್ತಾರೆ. ಜೊತೆಗೆ, ದಿನಾ ತುಳಿಯುವವರಿಗೆ ಏನೇನು ಕಿರಿಕಿರಿ ಇರುತ್ತೆ, ಮುಚ್ಚುಮರೆ ಇಲ್ಲದೆ ಹೇಳಿ ಅಂತ ಕೇಳಿದ್ದೀರಿ.

ಅಮ್ಮನ ಮಾತು ಕೇಳಿ. ಹೆಲ್ಮೆಟ್ ಹಾಕಿಕೊಳ್ಳಿ.

ನಾನು ಬನಶಂಕರಿ ಎರಡನೇ ಹಂತದಿಂದ ಕಸ್ತೂರ್ಬಾ ರಸ್ತೆಯ ಕಡೆಗೆ ಆರು ವರ್ಷದಿಂದ ಸೈಕಲ್‌ನಲ್ಲೇ ಹೋಗಿ ಬರುತ್ತಿದ್ದೇನೆ. ಈಗ ವಯಸ್ಸು ನಲವತ್ತಮೂರು. ಮೊದಲ ಎರಡು ವರ್ಷ ನಾನೂ ಬರಿ ತಲೆಯಲ್ಲೇ ಓಡಾಡಿದವಳು. ಚಿಕ್ಕವಳಿದ್ದಾಗ ಊರಲ್ಲಿ ಅಪ್ಪನ ದೊಡ್ಡ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತಿದ್ದೆ. ಬಿದ್ದು ಮಂಡಿ ಒಡೆದುಕೊಂಡರೆ ಅರಿಶಿನ ಒತ್ತಿ ಮತ್ತೆ ಆಟಕ್ಕೆ ಕಳಿಸುತ್ತಿದ್ದರು. ಸೈಕಲ್‌ಗೆ ಹೆಲ್ಮೆಟ್ ಅನ್ನುವ ಯೋಚನೆಯೇ ನಮಗಿರಲಿಲ್ಲ. ನಾನು ಹಾಕಿಕೊಳ್ಳಲು ಶುರು ಮಾಡಿದ್ದು ಮಗನಿಂದಾಗಿ. ಅವನಿಗೆ ಸೈಕಲ್ ಜೊತೆ ಹೆಲ್ಮೆಟ್ಟೂ ಕೊಡಿಸಿದೆ. "ನೀನು ಹಾಕಲ್ವಲ್ಲಮ್ಮ, ನನಗ್ಯಾಕೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಹೋಗಿ ನನಗೂ ಒಂದು ತಂದೆ. ಅದಾಗಿ ಎಂಟು ತಿಂಗಳಿಗೆ ಬಿದ್ದೆ.

ಮೇ ತಿಂಗಳ ಸಂಜೆ. ಮಳೆ ಬಂದು ನಿಂತಿತ್ತು. ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಗುಲ್‌ಮೊಹರ್ ಎಸಳೆಲ್ಲ ಉದುರಿ ರಸ್ತೆಗೆ ಅಂಟಿಕೊಂಡಿದ್ದವು. ಎದುರಿಂದ ರಾಂಗ್ ಸೈಡಿನಲ್ಲಿ ಒಂದು ಸ್ಕೂಟರ್ ಬಂತು. ಎಡಕ್ಕೆ ಸರಿದೆ. ಕಾಂಕ್ರೀಟು ಮುಗಿದು ಹಳೇ ಟಾರು ಶುರುವಾಗುವ ಕಡೆ ಮೂರು ಬೆರಳು ಎತ್ತರದ ಅಂಚು ಇರುತ್ತಲ್ಲ, ಚಕ್ರ ಅದರಿಂದ ಕೆಳಗಿಳಿಯಿತು. ಮತ್ತೆ ಮೇಲೆ ಹತ್ತಿಸೋಣ ಅಂತ ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ. ಚಕ್ರ ಹತ್ತಲಿಲ್ಲ, ಅಂಚಿಗೇ ಉಜ್ಜಿಕೊಂಡು ಜಾರಿತು. ಕೈ ಊರಲೂ ಸಮಯ ಸಿಗಲಿಲ್ಲ. ಬಲಗಡೆಗೆ ಪೂರ್ತಿ ಬಿದ್ದೆ. ಕಿವಿಯ ಹತ್ತಿರ ಟಕ್ ಅಂತ ಒಂದು ಸದ್ದು ಕೇಳಿಸಿತು.

ಅಲ್ಲೇ ಫುಟ್‌ಪಾತ್ ಮೇಲೆ ಹೂವು ಮಾರುವ ಅಮ್ಮ ಓಡಿ ಬಂದರು. "ಮೆಲ್ಲಗೆ ಎದ್ದೇಳಮ್ಮ, ಅವಸರ ಮಾಡಬೇಡ" ಅಂತ ಕೈ ಹಿಡಿದು ಕೂರಿಸಿದರು. ಹೂವಿಗೆ ಚಿಮುಕಿಸುವ ಚೊಂಬಿನ ನೀರನ್ನೇ ನನ್ನ ಮೊಣಕೈಗೆ ಹಾಕಿ ಮಣ್ಣು ತೊಳೆದರು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನೋಡಿದವರೂ ಅವರೇ. "ಇಲ್ನೋಡು, ಒಡೆದೇ ಹೋಗಿದೆ" ಅಂದರು. ಹೊರಗಿನ ಪ್ಲಾಸ್ಟಿಕ್ ಮೇಲೆ ಬರೀ ಗೀರು. ಒಳಗಿನ ಥರ್ಮೋಕೋಲಿನಲ್ಲಿ, ಬಲಗಿವಿಯ ಮೇಲೆ ಸರಿಯಾಗಿ, ನನ್ನ ಕಿರುಬೆರಳಿನಷ್ಟು ಉದ್ದದ ಬಿರುಕು. ಸೊಂಟ ಎರಡು ವಾರ ನೋಯಿತು. ತಲೆಗೆ ಏನೂ ಆಗಲಿಲ್ಲ. ಆವತ್ತು ನನ್ನ ವೇಗ ಹೆಚ್ಚೆಂದರೆ ಗಂಟೆಗೆ ಹನ್ನೆರಡು ಕಿಲೋಮೀಟರ್ ಇದ್ದಿರಬಹುದು.

ಈ ಬಿರುಕಿನ ಬಗ್ಗೆ ಸ್ವಲ್ಪ ಹೇಳಬೇಕು. ಹೆಲ್ಮೆಟ್ ಕೆಲಸ ಮಾಡುವುದೇ ತಾನು ಜಜ್ಜಿಹೋಗುವುದರಿಂದ. ಒಳಗಿರುವುದು ಗಟ್ಟಿಯಾಗಿ ಒತ್ತಿ ಮಾಡಿದ ಥರ್ಮೋಕೋಲು. ಪೆಟ್ಟು ಬಿದ್ದಾಗ ಅದು ಕುಸಿಯುತ್ತೆ. ಕುಸಿಯುವುದಕ್ಕೆ ತೆಗೆದುಕೊಳ್ಳುವ ಆ ಚೂರು ಹೊತ್ತಿನಲ್ಲಿ ತಲೆ ನಿಧಾನಕ್ಕೆ ನಿಲ್ಲುತ್ತೆ. ಹಾಗಾಗಿ ಒಳಗಿನ ಮಿದುಳಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತೆ. ಒಂದು ಸಲ ಕುಸಿದ ಜಾಗ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಅದಕ್ಕೇ ಜೋರಾಗಿ ಬಿದ್ದ ಮೇಲೆ, ಹೊರಗೆ ಚೆನ್ನಾಗಿ ಕಂಡರೂ ಹೊಸದು ತಗೋಬೇಕು. ಇನ್ನೊಬ್ಬರು ಬಳಸಿದ್ದನ್ನು ಕೊಳ್ಳಲೂಬಾರದು. ಯುರೋಪಿನ ಇಎನ್ 1078 ಅನ್ನುವ ಗುಣಮಟ್ಟದ ಪರೀಕ್ಷೆಯಲ್ಲಿ ಹೆಲ್ಮೆಟ್ ಹಾಕಿದ ಬೊಂಬೆ ತಲೆಯನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸುತ್ತಾರೆ. ತಾಗುವಾಗಿನ ವೇಗ ಗಂಟೆಗೆ ಸುಮಾರು 20 ಕಿ.ಮೀ. ಸೈಕಲ್ ಮೇಲೆ ಕೂತವರ ತಲೆ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತೆ. ಗುಂಡಿಗೆ ಇಳಿದೋ, ನಾಯಿ ಅಡ್ಡ ಬಂದೋ, ಜಲ್ಲಿ ಮೇಲೆ ಜಾರಿಯೋ ನಾವೇ ಬೀಳುತ್ತೀವಲ್ಲ, ಹೆಲ್ಮೆಟ್ ಮಾಡಿರುವುದು ಆ ಬೀಳುವಿಕೆಗೆ. ಬೆಂಗಳೂರಿನಲ್ಲಿ ನಾನು ಬಿದ್ದಿರುವುದೂ, ನನ್ನ ಜೊತೆ ತುಳಿಯುವವರು ಬಿದ್ದಿರುವುದೂ ಹೆಚ್ಚಾಗಿ ಹೀಗೇ.

ಬಸ್ಸೋ ಕಾರೋ ವೇಗವಾಗಿ ಬಂದು ಗುದ್ದಿದರೆ ಇದೇ ಹೆಲ್ಮೆಟ್ ಮೇಲೆ ಅಷ್ಟೆಲ್ಲ ಭರವಸೆ ಇಡಲಾಗದು. ಯಾರಾದರೂ ಸೈಕಲ್ ಸವಾರರಿಗೆ ಪೆಟ್ಟಾಯಿತು ಅಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, "ಹೆಲ್ಮೆಟ್ ಹಾಕಿದ್ರಾ?" ನನಗೆ ಇದು ತುಂಬ ನೋವು ಕೊಡುತ್ತೆ. ಗುದ್ದಿದವನು ಎಷ್ಟು ವೇಗದಲ್ಲಿದ್ದ, ಕೈಯಲ್ಲಿ ಫೋನ್ ಇತ್ತಾ, ರಸ್ತೆಯಲ್ಲಿ ಬೀದಿದೀಪ ಇತ್ತಾ ಅಂತ ಮೊದಲು ಕೇಳಬೇಕು ಅಲ್ವಾ?

ನಿಮ್ಮ ಗೆಳತಿಯರು ಇನ್ನೊಂದು ವಾದ ತರಬಹುದು: ಹೆಲ್ಮೆಟ್ ಕಂಡರೆ ಗಾಡಿಯವರು ಇನ್ನೂ ಹತ್ತಿರ ಬರುತ್ತಾರೆ ಅಂತ. ಇದು ಸುಮ್ನೆ ಹುಟ್ಟಿದ ಮಾತಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2006ರಲ್ಲಿ ತಮ್ಮ ಸೈಕಲ್‌ಗೆ ದೂರ ಅಳೆಯುವ ಸಾಧನ ಕಟ್ಟಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಓವರ್‌ಟೇಕ್‌ಗಳನ್ನು ಅಳೆದರು. ಹೆಲ್ಮೆಟ್ ಹಾಕಿದಾಗ ಗಾಡಿಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರ ಬಂದವಂತೆ. ಉದ್ದ ಕೂದಲಿನ ವಿಗ್ ಹಾಕಿಕೊಂಡು ಹಿಂದಿನಿಂದ ಹೆಂಗಸಿನಂತೆ ಕಂಡಾಗ ಜಾಸ್ತಿ ಜಾಗ ಬಿಟ್ಟರಂತೆ. 2013ರಲ್ಲಿ ಬೇರೆ ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಹೆಲ್ಮೆಟ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ ಅಂದರು. ನನ್ನ ಬೆನ್ನ ಮೇಲೆ ಉದ್ದ ಜಡೆ ಇದೆ. ಅದನ್ನು ನೋಡಿ ಬೆಂಗಳೂರಿನಲ್ಲಿ ಯಾರೂ ನನಗೆ ಒಂದು ಗೇಣು ಜಾಗ ಹೆಚ್ಚು ಬಿಟ್ಟಿದ್ದು ನೆನಪಿಲ್ಲ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರ್‌ಸೈಕಲ್, ಸ್ಕೂಟರಿನವರಿಗೆ. ನಾವು ತುಳಿಯುವ ಸೈಕಲ್ ಅದರಲ್ಲಿ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1990ರಲ್ಲಿ ವಿಕ್ಟೋರಿಯಾ ರಾಜ್ಯ ಮೊದಲು ಸೈಕಲ್‌ಗೂ ಕಡ್ಡಾಯ ಮಾಡಿತು, 1994ರಲ್ಲಿ ನ್ಯೂಜಿಲೆಂಡ್ ಮಾಡಿತು. ಊರಿಗೆ ಊರೇ ಸೈಕಲ್ ತುಳಿಯುವ ನೆದರ್‌ಲ್ಯಾಂಡ್ಸ್‌ನಲ್ಲಿ ಹಾಕುವವರು ಕಡಿಮೆ, ಯಾಕೆಂದರೆ ಅಲ್ಲಿ ಸೈಕಲ್‌ಗೇ ಬೇರೆ ದಾರಿ ಇದೆ. ನಮ್ಮಲ್ಲೂ ಕಡ್ಡಾಯ ಮಾಡಿ ಅಂತ ಆಗಾಗ ಯಾರಾದರೂ ಹೇಳುತ್ತಿರುತ್ತಾರೆ. ನಾನು ಒಪ್ಪುವುದಿಲ್ಲ. ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ನಮ್ಮ ಅಕ್ಕನ ಮಗಳಿಗೂ ಒಂದು ಸಿಕ್ಕಿತ್ತು. ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಅವಳು ಅದರಲ್ಲೇ ಹೋಗಿ ಹತ್ತನೇ ಕ್ಲಾಸು ಮುಗಿಸಿದಳು. ಅವಳಂಥವಳನ್ನು ಹೆಲ್ಮೆಟ್ ಇಲ್ಲ ಅಂತ ನಿಲ್ಲಿಸಿ ದಂಡ ಕೇಳಿದರೆ, ಮಾರನೇ ದಿನ ಮನೆಯವರು ಸೈಕಲ್ಲೇ ಬಿಡಿಸುತ್ತಾರೆ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು, ರಾತ್ರಿ ಕ್ಯಾರಿಯರ್ ಮೇಲೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು, ಇವರ ಜೇಬಿಗೆ ಇನ್ನೊಂದು ದಂಡ ಬೇಡ. ಇವರಿಗೆ ಹೆಲ್ಮೆಟ್ ಸುಮ್ಮನೆ ಕೊಟ್ಟರೆ ನಾನೇ ನಿಂತು ಹಂಚುತ್ತೇನೆ.

ಈಗ ಕಿರಿಕಿರಿಗಳು. ಮೊದಲನೆಯದು ಕೂದಲು, ಇದನ್ನು ಗಂಡಸರು ಯಾರೂ ಹೇಳಲ್ಲ. ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ, ಹಣೆ ಮೇಲೆ ಜಾರುತ್ತೆ. ಕುತ್ತಿಗೆಯ ಹತ್ತಿರ ಕೆಳಗೆ ಜಡೆ ಹೆಣೆದುಕೊಳ್ಳಿ, ಆಗ ಹಿಂದಿನ ತಿರುಪು ಸರಿಯಾಗಿ ಬಿಗಿಯಾಗುತ್ತೆ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಹೆಲ್ಮೆಟ್‌ನ ಅಂಚು ಬರಬೇಕು. ಟೋಪಿ ಥರ ಹಿಂದಕ್ಕೆ ತಳ್ಳಿಕೊಂಡರೆ ಹಣೆ ಬಯಲಾಗುತ್ತೆ. ಗದ್ದದ ಕೆಳಗೆ ಒಂದೋ ಎರಡೋ ಬೆರಳು ತೂರುವಷ್ಟೇ ಪಟ್ಟಿ ಸಡಿಲ ಇರಲಿ. ಮನೆಯಲ್ಲಿರುವ ಸ್ಕೂಟರ್ ಹೆಲ್ಮೆಟ್ಟನ್ನೇ ಹಾಕಬೇಡಿ. ಅದು ಸಾಮಾನ್ಯವಾಗಿ ಕಿಲೋ ಹತ್ತಿರ ತೂಗುತ್ತೆ, ಗಾಳಿಯಾಡಲ್ಲ, ಹಿಂದಿನ ಸದ್ದೂ ಸರಿಯಾಗಿ ಕೇಳಿಸಲ್ಲ. ಸೈಕಲ್‌ನದು ಸುಮಾರು ಮುನ್ನೂರು ಗ್ರಾಂ ಅಷ್ಟೆ. ಚೂಡಿದಾರ್ ಹಾಕುವುದಾದರೆ ವೇಲನ್ನು ಬ್ಯಾಗಿನೊಳಗೆ ಇಡಿ. ಚೈನ್ ಕವರ್ ಇರುವ ಸೈಕಲ್ಲನ್ನೇ ತಗೊಳ್ಳಿ.

ಬೆವರಿನ ಚಿಂತೆ ನಮ್ಮ ಊರಲ್ಲಿ ಬೆಳಿಗ್ಗೆ ಅಷ್ಟಿಲ್ಲ. ಒಂದು ಟವೆಲ್ಲು, ಒಂದು ಜೊತೆ ಬಟ್ಟೆ ಸಾಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ರಸ್ತೆಯಲ್ಲ, ಗೇಟು. ಆಫೀಸಿರುವ ಕಟ್ಟಡದ ಬೇಸ್‌ಮೆಂಟಿನಲ್ಲಿ ಕಾರಿಗೆ ನಂಬರ್ ಹಾಕಿದ ಜಾಗ, ಬೈಕಿಗೆ ಸಾಲು ಸಾಲು ಜಾಗ. ಸೈಕಲ್‌ಗೆ? "ಮೇಡಂ, ಸೈಕಲ್ ಒಳಗೆ ಬಿಡಬಾರದು ಅಂತ ಹೇಳಿದ್ದಾರೆ" ಅಂದರು ಸೆಕ್ಯುರಿಟಿಯವರು. ಅವರ ತಪ್ಪಿಲ್ಲ. ಅವರೂ ದಿನಾ ಬರುವುದು ಸೈಕಲ್‌ನಲ್ಲೇ, ಹೊರಗೆ ಕರೆಂಟ್ ಕಂಬಕ್ಕೆ ಬೀಗ ಹಾಕಿ ಇಡುತ್ತಿದ್ದರು. ನಾನೂ ಮೂರು ತಿಂಗಳು ಅದೇ ಕಂಬಕ್ಕೆ ಕಟ್ಟಿದೆ. ಒಂದು ದಿನ ಸಂಜೆ ಬಂದು ನೋಡಿದರೆ ಲೈಟು, ಬೆಲ್ಲು ಎರಡೂ ಇರಲಿಲ್ಲ. ಆಮೇಲೆ ಐದು ಜನ ಸೇರಿ ಕಟ್ಟಡದವರಿಗೆ ಪತ್ರ ಬರೆದೆವು. ಒಂದೇ ಸಲಕ್ಕೆ ಆಗಲಿಲ್ಲ, ನಾಲ್ಕು ಸಲ ಹೋಗಿ ಕೇಳಿದೆವು. ಕೊನೆಗೆ ಜನರೇಟರ್ ಪಕ್ಕ ಮೂರು ಕಬ್ಬಿಣದ ಕಂಬಿ ನೆಟ್ಟುಕೊಟ್ಟರು. ಈಗ ಸೆಕ್ಯುರಿಟಿಯವರ ಸೈಕಲ್ಲೂ ಅಲ್ಲೇ ನಿಲ್ಲುತ್ತೆ. ನೀವು ಸೈಕಲ್ ಕೊಳ್ಳುವ ಮೊದಲೇ ನಿಮ್ಮ ಆಫೀಸಿನಲ್ಲಿ ಇದನ್ನು ವಿಚಾರಿಸಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ಹತ್ತು ಹೆಜ್ಜೆಗೆ ಸುಮ್ಮನಾಗುತ್ತೆ. ಮರದಿಂದ ಮರಕ್ಕೆ ಎಳೆದ ಕೇಬಲ್ಲುಗಳು ಮಳೆಗಾಲದಲ್ಲಿ ಕುತ್ತಿಗೆ ಮಟ್ಟಕ್ಕೆ ಜೋತುಬಿದ್ದಿರುತ್ತವೆ, ಕತ್ತಲಲ್ಲಿ ಕಾಣಲ್ಲ. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲು ತೆರೆಯುವಷ್ಟು ಜಾಗ ಬಿಟ್ಟೇ ಹೋಗಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಅವರಿಗೆ ದಾರಿ ಬಿಡಲು ಚರಂಡಿ ಕಡೆಗೆ ಸರಿದುಕೊಂಡರೆ ಬೀಳುವವರು ನೀವು. ಚರಂಡಿಯ ಕಬ್ಬಿಣದ ಜಾಲರಿ ಕೆಲವು ಕಡೆ ರಸ್ತೆಯ ಉದ್ದಕ್ಕೇ ಸೀಳಿದ ಹಾಗಿರುತ್ತೆ, ತೆಳು ಟಯರು ಅದರಲ್ಲಿ ಇಳಿದುಬಿಡುತ್ತೆ. ಟ್ಯೂಬಿನ ವಾಲ್ವು ಬೈಕಿನ ಥರದ್ದೇ ಇರಲಿ. ಸಣ್ಣ ಮೂತಿಯ ವಾಲ್ವಿಗೆ ಪಂಕ್ಚರ್ ಅಂಗಡಿಯ ಗಾಳಿ ಪೈಪು ಕೂರುವುದಿಲ್ಲ.

ಹೆಲ್ಮೆಟ್‌ಗಿಂತ ಮೊದಲು ಕೊಳ್ಳಬೇಕಾದದ್ದು ಒಂದಿದೆ: ಹಿಂದಿನ ಕೆಂಪು ಲೈಟು. ಅಪ್ಪನ ಕಾಲದಲ್ಲಿ ಕತ್ತಲಲ್ಲಿ ದೀಪವಿಲ್ಲದ ಸೈಕಲ್ ಸಿಕ್ಕರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ನಡೆಸಿಕೊಂಡು ಹೋಗು ಅನ್ನುತ್ತಿದ್ದರಂತೆ. ಈಗ ಯಾರೂ ಹಿಡಿಯಲ್ಲ, ಆದರೆ ಸಂಜೆ ಆರೂವರೆಯ ಮೇಲೆ ಲೈಟಿಲ್ಲದ ಸೈಕಲ್ ಹಿಂದಿನವರಿಗೆ ಕಾಣುವುದೇ ಇಲ್ಲ. ಬೀಳದ ಹಾಗೆ, ಗುದ್ದಿಸಿಕೊಳ್ಳದ ಹಾಗೆ ನೋಡಿಕೊಳ್ಳುವ ಕೆಲಸ ಲೈಟು, ಬ್ರೇಕು ಮತ್ತು ನೀವು ಆರಿಸುವ ದಾರಿಯದ್ದು. ಅಷ್ಟಾದರೂ ಬಿದ್ದಾಗ ಹೆಲ್ಮೆಟ್ಟು.

ದಾರಿಯ ವಿಷಯದಲ್ಲಿ ನನಗೆ ತಿಳಿದದ್ದು ಇಷ್ಟು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸೈಕಲ್‌ಗೆ ಬೇರೆ ಲೇನ್ ಮಾಡಿದಾಗ ತುಂಬ ಖುಷಿಪಟ್ಟಿದ್ದೆ. ಆಮೇಲೆ ಅದರೊಳಗೂ ಬೈಕುಗಳು ನುಗ್ಗಿದವು. ಅಂಥ ಲೇನ್ ನಿಮ್ಮ ದಾರಿಯಲ್ಲಿ ಸಿಗುತ್ತೆ ಅಂತ ಕಾಯಬೇಡಿ, ಒಳರಸ್ತೆ ಹುಡುಕಿ. ನಾನು ಎನ್.ಆರ್. ಕಾಲೊನಿ, ಬಸವನಗುಡಿಯ ಒಳರಸ್ತೆಗಳಲ್ಲಿ ಹೋಗುತ್ತೇನೆ. ಹತ್ತು ನಿಮಿಷ ಹೆಚ್ಚಾಗುತ್ತೆ, ಆದರೆ ದಾರಿಯುದ್ದಕ್ಕೂ ಮರದ ನೆರಳು. ಬೆಳಿಗ್ಗೆ ಗಾಂಧಿ ಬಜಾರ್ ಹತ್ತಿರ ಬರುವಾಗ ಹೂವಿನ ವಾಸನೆ, ಕಾಫಿಪುಡಿ ವಾಸನೆ ಎರಡೂ ಬರುತ್ತೆ. ಕಾರಿನಲ್ಲಿ ಗಾಜು ಏರಿಸಿ ಕೂತಾಗ ಇದು ಸಿಗಲ್ಲ. ವೆಸ್ಟ್ ಗೇಟಿನ ಹೂವಿನಮ್ಮ ಈಗಲೂ ನನ್ನ ತಲೆ ಕಡೆ ನೋಡಿ, ಹೆಲ್ಮೆಟ್ ಇದೆ ಅಂತ ಖಾತ್ರಿ ಮಾಡಿಕೊಂಡೇ ಕೈ ಎತ್ತುತ್ತಾರೆ.

ಕೆಲಸಕ್ಕೆ ಹೊರಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಅದೇ ದಾರಿಯಲ್ಲಿ ಹೋಗಿ ಬನ್ನಿ. ಗುಂಡಿ, ಹಂಪು, ಜಾಲರಿ ಎಲ್ಲೆಲ್ಲಿ ಇವೆ ಅಂತ ನೋಡಿಟ್ಟುಕೊಳ್ಳಿ. ನೀವು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಅಂತ ಬರೆದಿಲ್ಲ. ದಕ್ಷಿಣ ಬೆಂಗಳೂರಿನ ಕಡೆಯವರಾದರೆ ತಿಳಿಸಿ, ಯಾವ ಕ್ರಾಸಿನಲ್ಲಿ ತಿರುಗಿದರೆ ಒಳ್ಳೆಯದು ಅಂತ ನಾನೇ ಬರೆದು ಕಳಿಸುತ್ತೇನೆ.